ಪಂಪ್ ಬದಲಿಸುವ ಮುಂಚೆ ಜಾಕ್ ಹಚ್ಚಿ: ಹಳೆಯ ಮನೆಗಾಡಿಯ ಪವರ್ ಸ್ಟೇರಿಂಗ್

ಪ್ರಶ್ನೆ: ನಮ್ಮದು ಟಾಟಾ 407 ಚಾಸಿಸ್ ಮ್ಯಾಲಿನ ಹಳೆ ಮಿನಿ ಬಸ್ ಅದ. ಒಳಗ ಎರಡು ಮಂಚ, ಗ್ಯಾಸ್ ಒಲಿ, ಇನ್ವರ್ಟರ್, ಮ್ಯಾಲೆ 200 ಲೀಟರ್ ನೀರಿನ ಟಾಕಿ ಹಾಕ್ಸಿ ಮನಿ ಮಾಡೀವಿ. ಗಾಣಗಾಪುರ, ಬಸವಕಲ್ಯಾಣ, ತಿಂಥಣಿ ಅಂತ ಮನಿ ಮಂದಿ ಎಲ್ಲಾರೂ ಅದರಾಗೇ ಹೋಗ್ತೀವಿ. ಪವರ್ ಸ್ಟೇರಿಂಗ್ ಆಮ್ಯಾಲೆ ಹಾಕ್ಸಿದ್ದು, ಬಾಕ್ಸ್ ಒಂದು ಗಾಡೀದು, ಪಂಪ್ ಇನ್ನೊಂದು ಗಾಡೀದು. ಈಗ ಮುಂಜಾನಿ ಚಾಲೂ ಮಾಡಿದ್ರ ಕೊಂಯ್ ಅಂತದ. ಊರಾಗ ಸಾವಕಾಶ ಹೊಂಟಾಗ ತಿರುಗಿಸಿದ್ರ ಭಾಳ ಬಿಗಿ, ರೇಸ್ ಕೊಟ್ರ ಹಗೂರ ಆಗ್ತದ. ತಿರುವು ದಾಟಿದ ಮ್ಯಾಲೆ ಸ್ಟೇರಿಂಗ್ ತಾನಾಗೇ ಸೀದಾ ಆಗಂಗಿಲ್ಲ, ಕೈಲೇ ಎಳೀಬೇಕು. ಎಣ್ಣಿ ವಾರಕ್ಕ ಪಾವ್ ಲೀಟರ್ ಕಮ್ಮಿ ಆಗ್ತದ, ಕೆಳಗ ಒಂದು ಹನಿನೂ ಕಾಣಂಗಿಲ್ಲ. ಮಿಸ್ತ್ರಿ ಪಂಪ್, ಬಾಕ್ಸ್ ಎರಡೂ ಬದ್ಲಿ ಮಾಡ್ರಿ ಅಂತಾನ. ಮಾಡ್ಬೇಕೇನ್ರಿ?
ಕಲಬುರಗಿಯ ಓದುಗರೊಬ್ಬರು

ಉತ್ತರ: ಬೇಡ, ಈಗಲೇ ಬೇಡ. ನೀವು ಬರೆದ ಲಕ್ಷಣಗಳೆಲ್ಲ ಒಂದೇ ಕಾಯಿಲೆಯವಲ್ಲ. ರೇಸ್ ಕೊಟ್ಟರೆ ಹಗುರಾಗುವುದು ಎಣ್ಣೆಯ ಕಡೆಯ ದೂರು. ಸ್ಟೇರಿಂಗ್ ತಾನಾಗಿ ಸೀದಾ ಆಗದಿರುವುದು ಬಹುಮಟ್ಟಿಗೆ ಕಬ್ಬಿಣದ ಕಡೆಯ ದೂರು, ಅಂದರೆ ಕಿಂಗ್ ಪಿನ್ನು (ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ ಗೂಟ), ಜಾಯಿಂಟು, ಕಾಲಂ (ಸ್ಟೇರಿಂಗಿನಿಂದ ಬಾಕ್ಸಿಗೆ ಇಳಿಯುವ ದಂಡ). ಹನಿ ಬೀಳದೆ ಎಣ್ಣೆ ಕಾಣೆಯಾಗುವುದು ಮೂರನೆಯದು. ಎಣ್ಣೆ ತಳ್ಳುವ ಪಂಪ್ ಮತ್ತು ಆ ಎಣ್ಣೆಯ ಬಲದಿಂದ ಚಕ್ರ ತಿರುಗಿಸುವ ಸ್ಟೇರಿಂಗ್ ಬಾಕ್ಸ್ ಹೊಸದು ಹಾಕಿದರೆ ಮೊದಲನೆಯದು, ಮೂರನೆಯದು ಹೋಗಬಹುದು. ಎರಡನೆಯದು ಹಾಗೇ ಉಳಿದು, ಬಿಗಿಯಾದ ಪಿನ್ನುಗಳನ್ನು ತಳ್ಳಿ ತಳ್ಳಿ ಹೊಸ ಪಂಪೂ ಬೇಗ ಸೋಲುತ್ತದೆ. ಹಳೆಯ ಗಾಡಿಗಳಲ್ಲಿ ಪಂಪಿಗೆ ಹೊರಿಸುವ ಅಪವಾದದಲ್ಲಿ ದೊಡ್ಡ ಪಾಲು ನಿಜಕ್ಕೂ ಕಿಂಗ್ ಪಿನ್ನಿಗೆ ಸೇರಬೇಕಾದದ್ದು.

ಮೊದಲು ಎಂಜಿನ್ ಆಯಿಲ್ ಕಡ್ಡಿ ನೋಡಿ

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು ಇಲ್ಲಿ ಮುಖ್ಯ: ಪಂಪನ್ನು ತಿರುಗಿಸುತ್ತಿರುವುದು ಬೆಲ್ಟೋ, ಎಂಜಿನ್ನಿನ ಗೇರೋ? ಬಾನೆಟ್ ಎತ್ತಿ ನೋಡಿ. ಪಂಪಿನ ಮುಂದೆ ಪುಲ್ಲಿ ಇದ್ದರೆ ಬೆಲ್ಟು. ಪಂಪು ನೇರವಾಗಿ ಎಂಜಿನ್ನಿನ ಮೈಗೆ, ಟೈಮಿಂಗ್ ಗೇರಿನ ಡಬ್ಬಿಗೆ ಬೋಲ್ಟಾಗಿದ್ದರೆ ಗೇರು. ಗೇರಿನ ಪಂಪಾದರೆ ಎಣ್ಣೆ ಎಲ್ಲಿಗೆ ಹೋಗುತ್ತಿದೆ ಎಂದು ಊಹಿಸುವುದು ಕಷ್ಟವಲ್ಲ. ಪಂಪಿನ ಶಾಫ್ಟಿನ ಆಯಿಲ್ ಸೀಲ್ ಸವೆದರೆ ಸ್ಟೇರಿಂಗ್ ಎಣ್ಣೆ ಹೊರಗೆ ಬೀಳುವುದಿಲ್ಲ, ಒಳಗೆ ಎಂಜಿನ್ ಆಯಿಲಿಗೆ ಸೇರುತ್ತದೆ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಮುಂಜಾನೆ ಚಾಲೂ ಮಾಡುವ ಮುಂಚೆ ಡಿಪ್ ಸ್ಟಿಕ್ ತೆಗೆದು ನೋಡಿ. ವಾರಕ್ಕೆ ಪಾವು ಲೀಟರ್ ಅಂದರೆ ತಿಂಗಳಿಗೆ ಒಂದು ಲೀಟರ್. ಕಡ್ಡಿಯ ಮೇಲಿನ ಗೆರೆ ದಾಟಿ ಆಯಿಲ್ ಏರಿದ್ದರೆ ಉತ್ತರ ಸಿಕ್ಕಂತೆ. ಹೀಗಿದ್ದರೆ ಗಾಡಿ ದೂರ ಓಡಿಸಬೇಡಿ. ತೆಳುವಾದ ಸ್ಟೇರಿಂಗ್ ಎಣ್ಣೆ ಬೆರೆತ ಎಂಜಿನ್ ಆಯಿಲಿನ ಪ್ರೆಷರ್ ಇಳಿಯುತ್ತದೆ, ಬೇರಿಂಗುಗಳಿಗೆ ಅದು ಒಳ್ಳೆಯದಲ್ಲ. ಸೀಲ್ ಹಾಕಿದ ಮೇಲೆ ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನೂ ಬದಲಿಸಲೇಬೇಕು.

ಅದೇ ಸೀಲು ನಿಮ್ಮ ಮುಂಜಾನೆಯ ಕೊಂಯ್ ಸದ್ದಿಗೂ ಕಾರಣವಾಗಬಲ್ಲದು. ಪಂಪಿನ ಶಾಫ್ಟಿನ ಬದಿಯಲ್ಲಿ ಇರುವುದು ಒತ್ತಡವಲ್ಲ, ಎಳೆತ. ನಿಂತಾಗ ಎಣ್ಣೆ ಹೊರಗೆ ಬಿಡುವ ಸೀಲು, ಓಡುವಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಪಂಪಿಗೆ ಗಾಳಿ ಹೋದರೆ ಕೂಗುತ್ತದೆ, ಎಣ್ಣೆ ನೊರೆಯಾಗುತ್ತದೆ, ನೊರೆ ಹಿಸುಕಿಕೊಳ್ಳುವುದರಿಂದ ಸ್ಟೇರಿಂಗಿಗೆ ಸಿಗಬೇಕಾದ ಬಲ ಸಿಗುವುದಿಲ್ಲ. ಹಾಗಾಗಿ ಎರಡು ದೂರಿನ ಹಿಂದೆ ಒಂದೇ ಸಣ್ಣ ಸೀಲು ಇರಬಹುದು.

ಬೆಲ್ಟಿನ ಪಂಪಾದರೆ ಹುಡುಕಾಟ ಬೇರೆ. ಬಾಕ್ಸು, ಪಂಪು, ಎಲ್ಲ ಹೋಸ್ ಪೈಪುಗಳನ್ನು ಡೀಸೆಲ್ ಹಚ್ಚಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ, ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ ನಾಲ್ಕೈದು ಕಿಲೋಮೀಟರ್ ಓಡಿಸಿ ಬನ್ನಿ. ಪೌಡರ್ ಎಲ್ಲಿ ಒದ್ದೆಯಾಗಿ ಗೆರೆ ಬಿದ್ದಿದೆಯೋ ಅದರ ಅತಿ ಮೇಲಿನ ತುದಿಯೇ ಸೋರಿಕೆಯ ಜಾಗ. ಕೆಳಗಿನ ತುದಿ ನೋಡಿ ತೀರ್ಮಾನಿಸಬೇಡಿ, ಓಡುವ ಗಾಡಿಯಲ್ಲಿ ಎಣ್ಣೆ ಗಾಳಿಗೆ ಹಿಂದಕ್ಕೆ ಹರಡಿರುತ್ತದೆ. ಬಾಕ್ಸಿನ ತುದಿ, ಚಾಸಿಸ್ಸಿನ ಒಳಮೂಲೆಗಳಲ್ಲಿ ನಮ್ಮ ಕಡೆಯ ಎರೆಮಣ್ಣು ಮೆತ್ತಿಕೊಂಡು ಎಣ್ಣೆ ಕುಡಿದು ಕೂತಿರುತ್ತದೆ. ಹನಿ ನೆಲಕ್ಕೆ ಬೀಳದಿದ್ದ ಮಾತ್ರಕ್ಕೆ ಸೋರಿಕೆ ಇಲ್ಲವೆಂದಲ್ಲ. ಒಂದು ಎಚ್ಚರಿಕೆ: ಎಂಜಿನ್ ಓಡುವಾಗ ಪ್ರೆಷರ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಸೂಜಿಮೊನೆಯ ತೂತಿನಿಂದ ನುಗ್ಗುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ, ಅದು ಆಸ್ಪತ್ರೆಯ ವಿಷಯ. ರಟ್ಟಿನ ತುಂಡು ಹಿಡಿದು ನೋಡಿ.

ಈಗ ಜಾಕ್

ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಇಡಿ. ಎರೆಹೊಲದ ಅಂಚಿನಲ್ಲಿ ಈ ಕೆಲಸ ಮಾಡಬೇಡಿ. ಜಾಕಿನ ಅಡಿಗೆ ದಪ್ಪ ಮರದ ಹಲಗೆ ಇರಲಿ. ಕೈಗೆ ಸಿಕ್ಕ ಶಹಾಬಾದ್ ಪರ್ಸಿ ಇಡುವ ಅಭ್ಯಾಸ ನಮ್ಮಲ್ಲಿದೆ, ಅದು ಭಾರಕ್ಕೆ ಒಮ್ಮೆಲೇ ಸೀಳುತ್ತದೆ. ಮುಂದಿನ ಆಕ್ಸಲ್ ಎತ್ತಿ, ಎರಡೂ ಚಕ್ರ ನೆಲ ಬಿಟ್ಟ ಮೇಲೆ ಆಕ್ಸಲ್ಲಿನ ಅಡಿಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು.

ಬಾಕ್ಸಿನಿಂದ ಇಳಿದಿರುವ ತೋಳು, ಅಂದರೆ ಡ್ರಾಪ್ ಆರ್ಮಿನಿಂದ, ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಸಲಾಕೆಯನ್ನು ಬಿಚ್ಚಿ. ಸ್ಪ್ಲಿಟ್ ಪಿನ್ ತೆಗೆದು, ನಟ್ ಎರಡು ಸುತ್ತು ಸಡಿಲಿಸಿ, ಬಾಲ್ ಜಾಯಿಂಟ್ ಪುಲ್ಲರ್ ಹಾಕಿ. ಡ್ರಾಪ್ ಆರ್ಮ್ ಕೂತಿರುವ ಸೆಕ್ಟರ್ ಶಾಫ್ಟಿನ ಮೇಲೆ ಸುತ್ತಿಗೆ ಹೊಡೆಯಲು ಯಾರಿಗೂ ಬಿಡಬೇಡಿ, ಒಳಗಿನ ಬೇರಿಂಗುಗಳಿಗೆ ಪೆಟ್ಟು ಬೀಳುತ್ತದೆ. ಈಗ ಕಬ್ಬಿಣದ ಕಡೆ ಬೇರೆ, ಬಾಕ್ಸಿನ ಕಡೆ ಬೇರೆ ಆಯಿತು. ನೂರು ಊಹೆಗಿಂತ ಈ ಒಂದು ಕೆಲಸ ಹೆಚ್ಚು ಹೇಳುತ್ತದೆ.

ಒಂದು ಚಕ್ರವನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸಿ. ಎರಡೂ ಚಕ್ರ ಕೂಡಿಸುವ ಟೈ ರಾಡ್ ಇರುವುದರಿಂದ ಇನ್ನೊಂದೂ ಜೊತೆಗೆ ತಿರುಗುತ್ತದೆ. ಒಳ್ಳೆಯ ಪಿನ್ನುಗಳಿದ್ದರೆ ಒಬ್ಬರೇ ಅಷ್ಟು ಶ್ರಮವಿಲ್ಲದೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಬಹುದು, ಎಲ್ಲೂ ಗಂಟು ಸಿಕ್ಕಂತಾಗಬಾರದು. ಮೈಯೆಲ್ಲ ಬಲ ಹಾಕಬೇಕಾದರೆ, ಕಿರ್ ಕಿರ್ ಎಂದು ಹಿಡಿದರೆ, ಟೈ ರಾಡನ್ನೂ ಒಂದು ಕಡೆ ಬಿಚ್ಚಿ ಯಾವ ಪಕ್ಕದ ಪಿನ್ನು ಎಂದು ನೋಡಿಕೊಳ್ಳಿ. ಮನೆಗಾಡಿಗೆ ಈ ತೊಂದರೆ ಬೇರೆ ಗಾಡಿಗಳಿಗಿಂತ ಬೇಗ ಬರುತ್ತದೆ. ದಿನಾ ಓಡುವ ಮಿನಿ ಬಸ್ಸಿಗೆ ಕಾಲಕಾಲಕ್ಕೆ ಗ್ರೀಸ್ ಬೀಳುತ್ತದೆ. ನಿಮ್ಮದು ಜಾತ್ರೆಗೊಮ್ಮೆ ಹೊರಟು ಆಮೇಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಂತ ಗಾಡಿಯ ಗ್ರೀಸ್ ಒಣಗಿ ಗಟ್ಟಿಯಾಗುತ್ತದೆ, ಮಳೆಗಾಲದ ನೀರು ಪಿನ್ನಿನ ಬಳಿ ಭಾರ ಹೊರುವ ಥ್ರಸ್ಟ್ ಬೇರಿಂಗಿಗೆ ಇಳಿದು ತುಕ್ಕು ತರುತ್ತದೆ.

ಮೊದಲ ಔಷಧಿ ಗ್ರೀಸ್. ಅದನ್ನು ಚಕ್ರ ಎತ್ತಿದಾಗಲೇ ಹೊಡೆಯಬೇಕು. ಭಾರ ಮೇಲಿದ್ದಾಗ ಹೊಡೆದ ಗ್ರೀಸ್, ಪಿನ್ನು ಒತ್ತಿಕೊಂಡಿರುವ ಮಗ್ಗುಲಿಗೆ ಹೋಗುವುದಿಲ್ಲ, ಖಾಲಿ ಇರುವ ಮಗ್ಗುಲಿನಿಂದ ಸುಮ್ಮನೆ ಹೊರಬರುತ್ತದೆ. ಲಿಥಿಯಂ ಇಪಿ 2 ಗ್ರೀಸ್ ಸಾಕು. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಮೇಲೂ ಕೆಳಗೂ ಕಾಣುವವರೆಗೆ ಹೊಡೆಯಿರಿ, ನಡುನಡುವೆ ಚಕ್ರ ತಿರುಗಿಸುತ್ತಿರಿ. ನಿಪ್ಪಲ್ಲಿಗೆ ಗ್ರೀಸ್ ಇಳಿಯದಿದ್ದರೆ ನಿಪ್ಪಲ್ ಬಿಚ್ಚಿ ತಂತಿ ಹಾಕಿ ತೂತು ಬಿಡಿಸಿ. ಅಷ್ಟಾದರೂ ಇಳಿಯದ ಪಿನ್ನನ್ನು ಬಿಚ್ಚಿಸಿ ಬುಷ್ (ಪಿನ್ನು ಕೂರುವ ಲೋಹದ ಬಳೆ) ಸಮೇತ ಬದಲಿಸಬೇಕು. ಬುಷ್ ಹಾಕಿದ ಮೇಲೆ ರೀಮರ್ ಹೊಡೆಸಿ ಪಿನ್ನಿಗೆ ಹೊಂದಿಸಬೇಕು. ಸುತ್ತಿಗೆ ಹೊಡೆದು ಕೂಡಿಸಿದ ಹೊಸ ಪಿನ್ನು ಹಳೆಯದಕ್ಕಿಂತ ಬಿಗಿ ಇರುತ್ತದೆ.

ಗ್ರೀಸಿನ ಜೊತೆಗೆ ಸವೆತವನ್ನೂ ನೋಡಿಬಿಡಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಾಡಿಸಿ. ಅಲುಗಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ತುಳಿದಾಗ ಅಲುಗುವುದು ನಿಂತರೆ ವೀಲ್ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್ ಸವೆದಿದೆ.

ಈಗ ಬಾಕ್ಸಿನ ಕಡೆ. ಎಂಜಿನ್ ಬಂದ್ ಇರಲಿ, ಡ್ರ್ಯಾಗ್ ಲಿಂಕ್ ಬಿಚ್ಚಿಯೇ ಇರಲಿ, ಸ್ಟೇರಿಂಗನ್ನು ನಿಧಾನ ತಿರುಗಿಸಿ. ಒಳಗಿನ ಎಣ್ಣೆ ತಳ್ಳುವುದರಿಂದ ಸ್ವಲ್ಪ ಎಳೆತ ಇದ್ದೇ ಇರುತ್ತದೆ, ಆದರೆ ಅದು ಉದ್ದಕ್ಕೂ ಒಂದೇ ಸಮ ಇರಬೇಕು. ಒಂದು ಸುತ್ತಿನಲ್ಲಿ ಎರಡು ಸಲ ಬಿಗಿ, ಎರಡು ಸಲ ಸಡಿಲ ಅನ್ನಿಸಿದರೆ ಬಾಕ್ಸ್ ಅಲ್ಲ, ಕಾಲಮ್ಮಿನ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದಿದೆ. ಬೇರೆ ಗಾಡಿಯ ಬಾಕ್ಸ್ ತಂದು ಹಾಕಿದಲ್ಲಿ ಕಾಲಮ್ಮಿನ ಕೋನ ವಕ್ರವಾಗಿರುತ್ತದೆ, ಆ ಜಾಯಿಂಟು ಬೇಗ ಹೋಗುತ್ತದೆ. ಸರಿಯಾಗಿ ನಡುವೆ, ಸೀದಾ ಇರುವ ಜಾಗದಲ್ಲಿ ಮಾತ್ರ ಬಿಗಿ ಅನ್ನಿಸಿದರೆ ಯಾರೋ ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಅತಿಯಾಗಿ ಬಿಗಿ ಮಾಡಿದ್ದಾರೆ. ಆಟ ಜಾಸ್ತಿ ಇದೆ ಎಂದರೆ ಮೊದಲು ಕೈ ಹೋಗುವುದು ಆ ಸ್ಕ್ರೂಗೇ. ಡ್ರ್ಯಾಗ್ ಲಿಂಕ್ ಬಾಲಿನ ಸವೆತವನ್ನು ಅದರಿಂದ ಮುಚ್ಚಿದರೆ ಆಟ ಹೋಗುವುದಿಲ್ಲ, ಸ್ಟೇರಿಂಗ್ ಸೀದಾ ಬರುವುದೂ ನಿಲ್ಲುತ್ತದೆ. ಆ ಸ್ಕ್ರೂ ತಿರುಗಿಸುವುದಿದ್ದರೆ ಲಿಂಕ್ ಬಿಚ್ಚಿ, ಬಾಕ್ಸನ್ನು ನಡುವಿಗೆ ತಂದು, ಸ್ಪ್ರಿಂಗ್ ತಕ್ಕಡಿಯಿಂದ ಎಳೆತ ಅಳೆಯುತ್ತಾ ಬಾಕ್ಸಿನ ಮ್ಯಾನುಯಲ್ ಹೇಳಿದಷ್ಟೇ ತಿರುಗಿಸಬೇಕು.

ಎಣ್ಣೆಯ ಕಡೆ

ಬಾಕ್ಸಿನೊಳಗೆ ನಡೆಯುವುದು ಇಷ್ಟು. ಎಂಜಿನ್ ಓಡುವಾಗ ಪಂಪಿನ ಎಣ್ಣೆ ಬಾಕ್ಸಿಗೆ ಹೋಗಿ, ಕೆಲಸವಿಲ್ಲದಿದ್ದರೆ ಹಾಗೇ ಎಣ್ಣೆ ಡಬ್ಬಿಗೆ ವಾಪಸ್ ಬರುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಒಳಗಿನ ತೆಳುವಾದ ಟಾರ್ಷನ್ ಬಾರ್ ತುಸು ತಿರುಚಿಕೊಂಡು ವಾಲ್ವಿನ ವಾಪಸು ದಾರಿ ಮುಚ್ಚುತ್ತದೆ, ಒತ್ತಡ ಏರುತ್ತದೆ, ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ಎಷ್ಟು ಜೋರಾಗಿ ತಳ್ಳುತ್ತದೆ ಎಂಬುದು ಒತ್ತಡದ ಲೆಕ್ಕ, ಎಷ್ಟು ಬೇಗ ತಳ್ಳುತ್ತದೆ ಎಂಬುದು ಹರಿವಿನ ಲೆಕ್ಕ. ನಿಮ್ಮ ದೂರು ಹರಿವಿನದು. ರೇಸ್ ಕೊಟ್ಟರೆ ಪಂಪ್ ಬೇಗ ತಿರುಗಿ ಹರಿವು ಹೆಚ್ಚುತ್ತದೆ, ಅದಕ್ಕೇ ಹಗುರಾಗುತ್ತದೆ. ಒತ್ತಡವೇ ಕಮ್ಮಿಯಿದ್ದರೆ ರೇಸ್ ಕೊಟ್ಟರೂ ಅಷ್ಟಾಗಿ ಬದಲಾಗದು. ಇನ್ನೊಂದು ಸುಳಿವು: ಒಂದೇ ಕಡೆ ಬಿಗಿ ಎಂದು ನೀವು ಬರೆದಿಲ್ಲ. ಒಂದೇ ಕಡೆಗೆ ಬಿಗಿಯಿದ್ದರೆ ಪಂಪನ್ನು ಬಿಟ್ಟುಬಿಡಬಹುದು, ಅದಕ್ಕೆ ಎಡಬಲ ಗೊತ್ತಿಲ್ಲ. ಆಗ ಬಾಕ್ಸಿನ ವಾಲ್ವೋ ಒಳಸೀಲೋ ಕಾರಣ.

ಐಡಲಿನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಓಡುವಾಗ, ಹರಿವು ಕಮ್ಮಿಯಾಗಲು ಕಾರಣಗಳನ್ನು ಅಗ್ಗದಿಂದ ದುಬಾರಿಗೆ ಹೋಗುತ್ತಾ ನೋಡಿ. ಎಂಜಿನ್ನಿನ ಐಡಲ್ ವೇಗ ಎಷ್ಟಿದೆ? ಡೀಸೆಲ್ ಉಳಿಸಲು ಐಡಲ್ ತೀರಾ ಇಳಿಸಿಟ್ಟ ಗಾಡಿಗಳು ಬೇಕಾದಷ್ಟಿವೆ, ಅದನ್ನು ಎಂಜಿನ್ ತಯಾರಕರು ಹೇಳಿದ ಮಟ್ಟಕ್ಕೆ ತನ್ನಿ. ಬೆಲ್ಟಿದ್ದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, 10ರಿಂದ 12 ಮಿಲಿಮೀಟರ್ ಇಳಿದರೆ ಸರಿ. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಹೊಸದು ಹಾಕಿ.

ಆಮೇಲೆ ಎಣ್ಣೆ ಡಬ್ಬಿ. ಮುಚ್ಚಳ ತೆಗೆಯುವ ಮುಂಚೆ ಅದರ ಸುತ್ತ ಒರೆಸಿ. ಸೇಡಂ, ವಾಡಿ, ಚಿತ್ತಾಪುರದ ಸುಣ್ಣಕಲ್ಲಿನ ಪಟ್ಟಿಯಲ್ಲಿ ಓಡಾಡಿದ ಗಾಡಿಯ ಮೇಲೆ ಕೂತ ಪುಡಿ ಒಂದು ಚಿಟಿಕೆ ಒಳಗೆ ಬಿದ್ದರೂ ಪಂಪಿನೊಳಗೆ ಎಣ್ಣೆ ತಳ್ಳುವ ರೆಕ್ಕೆಗಳನ್ನು (ವೇನು) ಉಜ್ಜುತ್ತದೆ. ಎಣ್ಣೆ ಕೆಂಪಗೆ, ತಿಳಿಯಾಗಿ ಇರಬೇಕು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕಾದು ಸತ್ತಿದೆ, ಗುಲಾಬಿ ಹಾಲಿನಂತಿದ್ದರೆ ನೀರು ಸೇರಿದೆ, ಗುಳ್ಳೆ ಇದ್ದರೆ ಗಾಳಿ. ಗಾಳಿಗೆ ಒಂದು ನಿಖರ ಪರೀಕ್ಷೆ ಇದೆ: ಎಂಜಿನ್ ಓಡುವಾಗ ಎಣ್ಣೆಯ ಮಟ್ಟ ಗುರುತು ಮಾಡಿ, ಬಂದ್ ಮಾಡಿ ಮತ್ತೆ ನೋಡಿ. ಮಟ್ಟ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಏರಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಒತ್ತಡದಲ್ಲಿ ಹಿಸುಕಿಕೊಂಡ ಗಾಳಿ, ಒತ್ತಡ ಹೋದಾಗ ಹಿಗ್ಗಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ.

ಡಬ್ಬಿಯೊಳಗೆ ಸ್ಪ್ರಿಂಗಿನ ಕೆಳಗೆ ಕಾಗದದ ಫಿಲ್ಟರ್ ಇದೆಯೇ ನೋಡಿ. ಬಸ್ಸು, ಲಾರಿಗಳ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಎಷ್ಟೋ ಮಾಲೀಕರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ಅದು ಕಟ್ಟಿಕೊಂಡರೆ ವಾಪಸು ಎಣ್ಣೆಗೆ ದಾರಿ ಸಾಲದೆ ಬಾಕ್ಸಿನಲ್ಲಿ ಹಿಂದೊತ್ತಡ ಏರಿ ಸೆಕ್ಟರ್ ಶಾಫ್ಟಿನ ಸೀಲ್ ಹೊರಕ್ಕೆ ಹಾರುತ್ತದೆ. ಮತ್ತೆ ಮತ್ತೆ ಸೀಲ್ ಹಾಕಿದರೂ ಸೋರುವ ಬಾಕ್ಸುಗಳಲ್ಲಿ ಮೊದಲು ನೋಡಬೇಕಾದದ್ದು ಈ ಫಿಲ್ಟರ್ ಮತ್ತು ವಾಪಸು ಪೈಪು, ಸೀಲಿನ ಕಂಪನಿಯಲ್ಲ.

ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಪೈಪನ್ನು ಹಿಚುಕಿ ನೋಡಿ. ಕಲಬುರಗಿಯ ಬೇಸಗೆ 42, 43 ಡಿಗ್ರಿ ಮುಟ್ಟುತ್ತದೆ, ಬಾನೆಟ್ಟಿನ ಒಳಗೆ ಅದಕ್ಕಿಂತ ಬಹಳ ಹೆಚ್ಚು. ರಬ್ಬರ್ ಕಟ್ಟಿಗೆಯಂತಾಗಿ ಕ್ಲಾಂಪಿನ ಹಿಡಿತಕ್ಕೆ ಸಿಗುವುದಿಲ್ಲ. ಆ ಪೈಪಿನಲ್ಲಿ ಎಳೆತ ಇರುವುದರಿಂದ ಹೊರಗೆ ಹನಿ ಬೀಳದೆ ಗಾಳಿ ಮಾತ್ರ ಒಳಗೆ ಹೋಗುತ್ತದೆ. ತಣ್ಣಗಿದ್ದಾಗ ಕೂಗಿ, ಬಿಸಿಯಾಗಿ ರಬ್ಬರ್ ಮೆತ್ತಗಾದ ಮೇಲೆ ಸುಮ್ಮನಾಗುವುದು ಇದರ ಲಕ್ಷಣ. ಬದಲಿಗೆ ರೇಡಿಯೇಟರಿನ ನೀರಿನ ಪೈಪ್ ಹಾಕಬೇಡಿ. ಅದರ ಒಳಪದರ ಎಣ್ಣೆಗೆ ಕರಗಿ, ಸಿಪ್ಪೆ ಸುಲಿದು ಪಂಪಿನ ಬಾಯಿಗೆ ಅಡ್ಡ ಕೂರುತ್ತದೆ. ಎಣ್ಣೆಗೆಂದೇ ಮಾಡಿದ ಪೈಪನ್ನೇ ಕೇಳಿ ತನ್ನಿ.

ಇಷ್ಟೆಲ್ಲ ಸರಿಯಿದ್ದೂ ಬಿಗಿ ಉಳಿದರೆ ಗೇಜ್ ಹಾಕುವ ಸಮಯ. ಇದಕ್ಕೆ 0ಯಿಂದ 200 ಬಾರ್ ತೋರಿಸುವ ಗೇಜ್, ಜೊತೆಗೆ ಅಷ್ಟೇ ಒತ್ತಡ ತಾಳುವ ಒಂದು ವಾಲ್ವ್ ಬೇಕು. ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಕಟ್ಟಿಸಿಕೊಳ್ಳಬಹುದು. ಪಂಪಿನಿಂದ ಬಾಕ್ಸಿಗೆ ಹೋಗುವ ಪ್ರೆಷರ್ ಲೈನಿನ ನಡುವೆ ಸೇರಿಸಿ, ಮೊದಲು ಗೇಜ್, ಆಮೇಲೆ ವಾಲ್ವ್, ಬಾಕ್ಸಿನ ಕಡೆಗೆ. ಪೈಪ್ ಹಿಡಿದಿಡುವ ತೂತಿನ ಬ್ಯಾಂಜೊ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ. ಎಣ್ಣೆ 50, 60 ಡಿಗ್ರಿ ಬಿಸಿಯಾಗಲಿ. ಐಡಲಿನಲ್ಲಿ, ವಾಲ್ವ್ ಪೂರ್ತಿ ತೆರೆದು, ಸ್ಟೇರಿಂಗ್ ಮುಟ್ಟದೆ ನೋಡಿದಾಗ ಒತ್ತಡ ಕೆಲವೇ ಬಾರ್ ಇರಬೇಕು. ಹತ್ತು ಬಾರ್ ಮೀರಿದರೆ ವಾಪಸು ದಾರಿಯಲ್ಲಿ ಅಡ್ಡಿಯಿದೆ. ಈಗ ವಾಲ್ವ್ ಮುಚ್ಚಿ, ಗೇಜ್ ಓದಿ, ತಕ್ಷಣ ತೆರೆಯಿರಿ. ಐದು ಸೆಕೆಂಡಿಗಿಂತ ಹೆಚ್ಚು ಮುಚ್ಚಿಡಬಾರದು, ಆ ಹೊತ್ತಿನಲ್ಲಿ ಪಂಪಿನ ಶಕ್ತಿಯೆಲ್ಲ ಬಿಸಿಯಾಗಿ ಅದರ ಮೈಮೇಲೇ ಬೀಳುತ್ತದೆ. ಪಂಪಿನ ತಗಡಿನ ಪಟ್ಟಿಯಲ್ಲಿ ಕೆತ್ತಿದ ಬಾರ್ ಬಂದರೆ ಒತ್ತಡದ ಮಟ್ಟಿಗೆ ಪಂಪ್ ಸರಿ. ಬರದಿದ್ದರೆ ಒತ್ತಡ ಮಿತಿ ಮೀರದಂತೆ ತಡೆಯುವ ಪಂಪಿನ ರಿಲೀಫ್ ವಾಲ್ವ್ ಬಿಚ್ಚಿ ನೋಡಿ, ಎಷ್ಟೋ ಸಲ ಕಸ ಸಿಕ್ಕಿ ತೆರೆದೇ ನಿಂತಿರುತ್ತದೆ. ತೊಳೆದರೆ ಕೆಲಸ ಮುಗಿಯುತ್ತದೆ.

ಪಂಪ್ ಪಾಸಾದರೆ ಬಾಕ್ಸಿನ ಪರೀಕ್ಷೆ. ಡ್ರ್ಯಾಗ್ ಲಿಂಕ್ ಮತ್ತೆ ಹಾಕಿ, ಗೇಜಿನ ವಾಲ್ವ್ ತೆರೆದೇ ಇರಲಿ. ಆಕ್ಸಲ್ಲಿನ ಸ್ಟಾಪ್ ಬೋಲ್ಟಿನ ಮುಂದೆ ಒಂದು ಇಂಚಿನಷ್ಟು ದಪ್ಪದ ಉಕ್ಕಿನ ತುಂಡು ಇಟ್ಟು ಸ್ಟೇರಿಂಗನ್ನು ಅದಕ್ಕೆ ತಾಗುವವರೆಗೆ ತಿರುಗಿಸಿ ಒತ್ತಿ ಹಿಡಿಯಿರಿ, ಇಲ್ಲೂ ಐದೇ ಸೆಕೆಂಡು, ಬೆರಳು ದೂರ ಇರಲಿ. ಈ ತುಂಡು ಯಾಕೆಂದರೆ ಅನೇಕ ಬಾಕ್ಸುಗಳಲ್ಲಿ ಪೂರ್ತಿ ಕೊನೆಗೆ ಹೋದಾಗ ಒತ್ತಡ ತಾನಾಗಿ ಇಳಿಸುವ ವಾಲ್ವ್ ಇರುತ್ತದೆ, ಅದು ತೆರೆಯುವ ಮುಂಚೆಯೇ ಓದಬೇಕು. ಪಂಪ್ ಕೊಟ್ಟ ಒತ್ತಡ ಇಲ್ಲಿಯೂ ಬಂದರೆ ಬಾಕ್ಸ್ ಚೆನ್ನಾಗಿದೆ. ಬಹಳ ಕಮ್ಮಿ ಬಂದರೆ ಪಿಸ್ಟನ್ನಿನ ಸೀಲ್ ದಾಟಿ ಎಣ್ಣೆ ಹಾರುತ್ತಿದೆ, ಆಗ ಮಾತ್ರ ಬಾಕ್ಸ್ ಬಿಚ್ಚಬೇಕು. ಬೇರೆ ಗಾಡಿಯಿಂದ ಬಂದ ಬಾಕ್ಸಿನಲ್ಲಿ ಆ ಕೊನೆಯ ವಾಲ್ವ್ ಹಳೆಯ ಗಾಡಿಯ ಅಳತೆಗೇ ಹೊಂದಿಕೊಂಡಿರುತ್ತದೆ ಎಂಬುದೂ ನೆನಪಿರಲಿ. ಕೊನೆಯ ಕಾಲು ಸುತ್ತಿನಲ್ಲಿ ಮಾತ್ರ ಬಿಗಿ ಎನ್ನುವ ದೂರಿಗೆ ಅದೇ ಮೂಲ.

ಎರಡು ಗಾಡಿಗಳ ಸಾಮಾನು ಕೂಡಿದೆಯೇ?

ಮೇಲಿನ ಎರಡು ಪರೀಕ್ಷೆಯಲ್ಲಿ ಪಂಪೂ ಬಾಕ್ಸೂ ಪಾಸಾಗಿ, ಐಡಲಿನಲ್ಲಿ ಬಿಗಿ ಮಾತ್ರ ಉಳಿದರೆ, ಪಂಪೇ ಬಾಕ್ಸಿಗೆ ಚಿಕ್ಕದು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಉದಾಹರಣೆಗೆ ಬಾಕ್ಸಿನ ಪಿಸ್ಟನ್ ವ್ಯಾಸ 70 ಮಿಲಿಮೀಟರ್ ಇದ್ದು, ಸ್ಟೇರಿಂಗಿನ ಒಂದು ಸುತ್ತಿಗೆ ಪಿಸ್ಟನ್ 12 ಮಿಲಿಮೀಟರ್ ಸರಿಯುತ್ತದೆ ಎಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 46 ಸಿಸಿ ಎಣ್ಣೆ ಬೇಕು. ಗಾಡಿ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಸೆಕೆಂಡಿಗೆ ಒಂದೂವರೆ ಸುತ್ತು ಎಂದರೆ ನಿಮಿಷಕ್ಕೆ 4.2 ಲೀಟರ್. ವಾಲ್ವಿನೊಳಗೆ ಸೋರಿಹೋಗುವುದಕ್ಕೆ ಒಂದೆರಡು ಲೀಟರ್ ಸೇರಿಸಿ, ನಿಮಿಷಕ್ಕೆ 6 ಲೀಟರ್ ಐಡಲಿನಲ್ಲೇ ಸಿಗಬೇಕು. ನಿಮ್ಮ ಬಾಕ್ಸಿನ ಅಳತೆ, ಪಂಪಿನ ಒಂದು ಸುತ್ತಿನ ಸಿಸಿ ಹಾಕಿ ನೀವೇ ನೋಡಿ. ಚಿಕ್ಕ ಗಾಡಿಯ ಪಂಪ್ ದೊಡ್ಡ ಗಾಡಿಯ ಬಾಕ್ಸಿಗೆ ಹಾಕಿದಲ್ಲಿ ಈ ಲೆಕ್ಕ ಕೂಡುವುದಿಲ್ಲ, ಎಷ್ಟು ಹೊಸ ಪಂಪ್ ತಂದರೂ ಅದೇ ಕಥೆ. ಇದರ ತಿರುವುಮುರುವು ಇನ್ನೂ ಕೆಟ್ಟದು: ಪಂಪಿನ ರಿಲೀಫ್ ಒತ್ತಡ ಬಾಕ್ಸ್ ತಾಳುವುದಕ್ಕಿಂತ ಹೆಚ್ಚಿದ್ದರೆ ಹೋಸು, ಸೀಲು ಒಂದೊಂದಾಗಿ ಒಡೆಯುತ್ತವೆ. ಎರಡರ ಪಟ್ಟಿಯ ಬಾರ್ ಸಂಖ್ಯೆ ಹೋಲಿಸಿ, ಪಂಪಿನದು ಬಾಕ್ಸಿನದನ್ನು ಮೀರಬಾರದು.

ತೂಕ

ಇದನ್ನು ಯಾವ ಮಿಸ್ತ್ರಿಯೂ ಕೇಳುವುದಿಲ್ಲ. ನೀರು ಲೀಟರಿಗೆ ಒಂದು ಕಿಲೋ, ಹಾಗಾಗಿ ನಿಮ್ಮ ಟಾಕಿ ತುಂಬಿದಾಗ 200 ಕಿಲೋ. ವೀಲ್ ಬೇಸ್ ಮೂರು ಮೀಟರ್ ಇದ್ದು ಟಾಕಿ ಹಿಂದಿನ ಆಕ್ಸಲ್ಲಿಗಿಂತ ಎರಡು ಮೀಟರ್ ಮುಂದೆ ಕೂತಿದ್ದರೆ, ಅದರಲ್ಲಿ ಸುಮಾರು 133 ಕಿಲೋ ಮುಂದಿನ ಆಕ್ಸಲ್ಲಿಗೆ ಬೀಳುತ್ತದೆ. ಇನ್ವರ್ಟರ್ ಬ್ಯಾಟರಿ ಡ್ರೈವರ್ ಸೀಟಿನ ಹಿಂದಿದ್ದರೆ ಅದೂ ಸೇರಿತು. ಎಪಿಎಂಸಿ ಹತ್ತಿರ ತೊಗರಿ ಲಾರಿ ತೂಗುವ ಕಾಟಾಕ್ಕೆ ಗಾಡಿ ಒಯ್ಯಿರಿ, ಟಾಕಿ ತುಂಬಿ, ಮನೆಮಂದಿ ಕೂತು, ಊರಿಗೆ ಹೊರಡುವ ಹಾಗೆಯೇ. ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಚೀಟಿ, ಪೂರ್ತಿ ಗಾಡಿಗೆ ಇನ್ನೊಂದು. ಮುಂದಿನ ಆಕ್ಸಲ್ಲಿನ ತೂಕ ಚಾಸಿಸ್ ಪಟ್ಟಿಯ ಮಿತಿ ದಾಟಿದ್ದರೆ ಸ್ಟೇರಿಂಗ್ ಬಿಗಿ ಇರುವುದು ಸಹಜ, ಟಾಕಿಯನ್ನು ಹಿಂದಕ್ಕೆ, ಮತ್ತು ದಯವಿಟ್ಟು ಕೆಳಕ್ಕೆ, ಸರಿಸಿ. ಹಿಂದಿನ ಆಕ್ಸಲ್ಲನ್ನೂ ದಾಟಿಸಬೇಡಿ. ಅಲ್ಲಿ ಇಟ್ಟ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ, ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿ ಪಕ್ಕ ಹಾಯ್ದಾಗ ಗಾಡಿ ತೇಲಾಡುತ್ತದೆ. ಮುಂದಿನ ಟೈರಿನ ಗಾಳಿಯನ್ನು ತಣ್ಣಗಿರುವಾಗ, ಆ ತೂಕಕ್ಕೆ ಟೈರ್ ಕಂಪನಿ ಹೇಳಿದಷ್ಟು ತುಂಬಿಸಿ. ಗಾಳಿ ಕಮ್ಮಿಯಿರುವ ಮುಂದಿನ ಟೈರು ಒಳ್ಳೆಯ ಪಂಪಿಗೂ ಕೆಟ್ಟ ಹೆಸರು ತರುತ್ತದೆ.

ಎಣ್ಣೆ ಹಾಕಿ ಗಾಳಿ ಬಿಡಿಸುವುದು

ಸೀಲ್, ಪೈಪ್, ಫಿಲ್ಟರ್ ಯಾವುದೇ ಬದಲಿಸಿದರೂ ಎಣ್ಣೆ ಹೊಸದೇ ಹಾಕಿ. ಬಾಕ್ಸಿನ ತಯಾರಕರು ಹೇಳಿದ ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಕೆಂಪು ಎಣ್ಣೆ) ಬೇಕು, ಇಂಥ ಗಾಡಿಗಳ ವ್ಯವಸ್ಥೆಗೆ ಸಾಮಾನ್ಯವಾಗಿ 2ರಿಂದ 3 ಲೀಟರ್ ಹಿಡಿಯುತ್ತದೆ. ತೊಳೆಯಲು ಒಂದು ಲೀಟರ್ ಹೆಚ್ಚು ತನ್ನಿ. ಬ್ರೇಕ್ ಆಯಿಲನ್ನು ಅರ್ಧ ಕಪ್ಪೂ ಹಾಕಬಾರದು, ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಮೆತ್ತಗಾಗಿ ಹಾಳಾಗುತ್ತವೆ. ದಾರಿಯಲ್ಲಿ ಡಬ್ಬಿ ಖಾಲಿಯಾದರೆ ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ್ದನ್ನು ಸುರಿಯುವ ಬದಲು ಒಂದು ಲೀಟರ್ ಎಟಿಎಫ್ ಸೀಟಿನ ಕೆಳಗೆ ಇಟ್ಟುಕೊಂಡಿರಿ.

ವಾಪಸು ಪೈಪನ್ನು ಡಬ್ಬಿಯಿಂದ ಬಿಚ್ಚಿ ಬಕೆಟ್ಟಿಗೆ ಇಳಿಸಿ, ಡಬ್ಬಿಯ ತೂತು ಮುಚ್ಚಿ. ಮುಂದಿನ ಚಕ್ರ ಎತ್ತಿದ್ದು, ಎಂಜಿನ್ ಬಂದ್. ಹೊಸ ಎಣ್ಣೆ ಹಾಕುತ್ತಾ ಸ್ಟೇರಿಂಗನ್ನು ತುದಿಯಿಂದ ತುದಿಗೆ ನಿಧಾನ ತಿರುಗಿಸುತ್ತಿರಿ, ಪೈಪಿನಿಂದ ಕೆಂಪು ಎಣ್ಣೆ ಬರುವವರೆಗೆ. ಪೈಪ್ ಮತ್ತೆ ಹಾಕಿ, ಡಬ್ಬಿ ತುಂಬಿ, ಎಂಜಿನ್ ಬಂದ್ ಇಟ್ಟುಕೊಂಡೇ ಇನ್ನೊಂದು ಹತ್ತು ಹದಿನೈದು ಸಲ ತಿರುಗಿಸಿ. ಗುಳ್ಳೆ ನಿಂತ ಮೇಲೆ ಎಂಜಿನ್ ಒಂದೆರಡು ಸೆಕೆಂಡು ಚಾಲೂ ಮಾಡಿ ಬಂದ್ ಮಾಡಿ, ಎಣ್ಣೆ ಇಳಿದಿರುತ್ತದೆ, ಮತ್ತೆ ತುಂಬಿ. ಡಬ್ಬಿ ಖಾಲಿಯಾಗಿ ಪಂಪ್ ಗಾಳಿ ಎಳೆಯಲು ಒಮ್ಮೆಯೂ ಬಿಡಬೇಡಿ. ಮಟ್ಟ ನಿಂತ ಮೇಲೆ ಐಡಲಿನಲ್ಲಿ ತುದಿಯಿಂದ ತುದಿಗೆ ತಿರುಗಿಸಿ, ತುದಿಯಲ್ಲಿ ಒತ್ತಿ ಹಿಡಿಯಬೇಡಿ. ಎಣ್ಣೆ ನೊರೆಯಾಗಿದ್ದರೆ ಅವಸರ ಮಾಡಬೇಡಿ, ಬಂದ್ ಮಾಡಿ ಒಂದು ತಾಸು ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ.

ಬಿಚ್ಚಿದ ಜಾಗಗಳನ್ನು ಜೋಡಿಸುವಾಗ ಪ್ರತಿ ಸ್ಪ್ಲಿಟ್ ಪಿನ್ ಹೊಸದು ಹಾಕಿ. ಬಾಕ್ಸನ್ನು ಚಾಸಿಸ್ಸಿಗೆ ಹಿಡಿದಿರುವ ಬೋಲ್ಟುಗಳನ್ನು, ಆ ಬ್ರಾಕೆಟ್ಟಿನ ಸುತ್ತ ಬಿರುಕನ್ನು ನೋಡಿ. ನಿಮ್ಮದು ಆಮೇಲೆ ವೆಲ್ಡ್ ಮಾಡಿ ಕೂರಿಸಿದ ಬ್ರಾಕೆಟ್ ಇರಬಹುದು. ಚಕ್ರ ನೆಲದ ಮೇಲಿದ್ದು, ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ಟೇರಿಂಗನ್ನು ಚಿಕ್ಕದಾಗಿ ಎಡಬಲ ಆಡಿಸಲಿ, ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಲಿ. ಬಾಕ್ಸೇ ಚಾಸಿಸ್ಸಿನ ಮೇಲೆ ಕದಲಿದರೆ ಗಾಡಿ ಅಲ್ಲಿಂದ ಕದಲಬಾರದು.

ಎಲ್ಲ ಪರೀಕ್ಷೆಯ ನಂತರ ಪಂಪ್ ಬದಲಿಸಲೇಬೇಕೆಂದು ಬಂದರೆ ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಪಂಪು, ಬಾಕ್ಸು ಎರಡರ ಪಟ್ಟಿಯ ಫೋಟೊ, ಪಂಪ್ ತಿರುಗುವ ದಿಕ್ಕು, ಶಾಫ್ಟಿನ ತುದಿಯ ಆಕಾರ, ಹೋಸಿನ ಥ್ರೆಡ್ ಅಳತೆ ಇಷ್ಟು ಒಯ್ಯಿರಿ. ದಿಕ್ಕು ತಪ್ಪಿದ ಪಂಪ್ ಎಣ್ಣೆ ಎತ್ತುವುದೇ ಇಲ್ಲ. ಹಳೆಯ ಪಂಪ್ ಪುಡಿಯಾಗಿ ಸತ್ತಿದ್ದರೆ ಲೋಹದ ಚೂರು ಪೈಪುಗಳಲ್ಲೂ ಬಾಕ್ಸಿನಲ್ಲೂ ಕೂತಿರುತ್ತದೆ, ತೊಳೆಯದೆ ಹೊಸದು ಕೂರಿಸಬೇಡಿ. ಹೊಸ ಪಂಪಿನ ಬಾಯಿಗೆ ಮೊದಲೇ ಸ್ವಲ್ಪ ಎಟಿಎಫ್ ಹಾಕಿ ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಆಮೇಲೆ ಬಿಗಿಯಿರಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಫಿಲ್ಟರ್ ಇನ್ನೊಮ್ಮೆ ಬದಲಿಸಿ.